ಕುದುರೆ ಗೊರಸಿಗೆ ಯಾವ ಮದ್ದು, ಯಾವಾಗ? ಕರಾವಳಿ ಮತ್ತು ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳ, ಹೊನ್ನಾವರವೂ ಇದ್ದವು. ಇಳಿದ ಕುದುರೆಗಳು ಘಟ್ಟ ಹತ್ತಿ ಒಣ ಬಯಲುಸೀಮೆಗೆ ಹೋಗುತ್ತಿದ್ದವು. ಈಗ ಕುದುರೆ ಸಾಕುವ ನಾವು ಇಲ್ಲೇ ಉಳಿದಿದ್ದೇವೆ, ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಕಡೆ. ನಮ್ಮ ಕುದುರೆಗಳ ಕಷ್ಟ ಮುಕ್ಕಾಲು ಪಾಲು ಗೊರಸಿನದ್ದೇ.

ನಾನು ಡಾಕ್ಟರಲ್ಲ. ಕುಮಟಾ ಹತ್ತಿರ ಎರಡು ಕುದುರೆ ಸಾಕಿಕೊಂಡಿರುವವನು. ಬೀಚಿನಲ್ಲಿ ಸವಾರಿ ಕೊಡುವವರು, ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರು, ಶಿರಸಿ ಕಡೆ ತೋಟದ ಮನೆಯಲ್ಲಿ ಪ್ರೀತಿಗೆ ಒಂದು ಕುದುರೆ ಕಟ್ಟಿಕೊಂಡವರು ಫೋನಿನಲ್ಲಿ, ಪತ್ರದಲ್ಲಿ, ದಾರಿಯಲ್ಲಿ ಸಿಕ್ಕಾಗ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ.

## ಮೊದಲ ಸಲ ಗೊರಸು ಎತ್ತುವವರಿಗೆ

ಗೊರಸು ಅಂದ್ರೆ ನಮ್ಮ ಉಗುರಿನ ತರಾನೇ ಅಲ್ವಾ? ಅದಕ್ಕೆ ಯಾಕಿಷ್ಟು ಆರೈಕೆ?

ಹೊರಗಿನ ಗೋಡೆ ಉಗುರಿನ ವಸ್ತುವೇ, ಕೆರಾಟಿನ್. ಆದರೆ ನಾವು ಉಗುರಿನ ಮೇಲೆ ನಿಲ್ಲುವುದಿಲ್ಲ. ಕುದುರೆ ಮುನ್ನೂರು, ನಾನೂರು ಕಿಲೋ ಭಾರವನ್ನು ನಾಲ್ಕು ಉಗುರಿನ ಮೇಲೆ ಹೊತ್ತು ಓಡುತ್ತದೆ. ಗೋಡೆಯ ಒಳಗೆ ಒಂದು ಮೂಳೆ ಇದೆ. ಆ ಮೂಳೆಯನ್ನು ಗೋಡೆಗೆ ಹಿಡಿದಿಟ್ಟಿರುವುದು ನೂರಾರು ತೆಳು ಪದರಗಳು. ಮಳೆಗಾಲದಲ್ಲಿ ಅಣಬೆ ಕಿತ್ತು ಅಡಿಮೇಲು ಮಾಡಿ ನೋಡಿದರೆ ಸಾಲು ಸಾಲು ಪದರ ಕಾಣುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಆ ಪದರ ಬಿಟ್ಟುಕೊಂಡರೆ ಕುದುರೆ ನಿಲ್ಲಲಾರದು.

ತಳ ತಿರುಗಿಸಿ ನೋಡಿದರೆ ನಡುವೆ ತ್ರಿಕೋನದ, ರಬ್ಬರಿನಂಥ ಭಾಗ ಇರುತ್ತದೆ. ಡಾಕ್ಟರು ಅದಕ್ಕೆ ಫ್ರಾಗ್ ಅನ್ನುತ್ತಾರೆ, ನಾನೂ ಇಲ್ಲಿ ಅದನ್ನೇ ಬಳಸುತ್ತೇನೆ. ಅದರ ನಡುವೆ ಒಂದು, ಎರಡೂ ಪಕ್ಕಕ್ಕೆ ಒಂದೊಂದು ಸಂದು. ಮಳೆಗಾಲದ ರೋಗ ಮನೆ ಮಾಡುವುದು ಈ ಮೂರು ಸಂದುಗಳಲ್ಲಿ. ಗೋಡೆಯೂ ತಳವೂ ಕೂಡುವ ಜಾಗದಲ್ಲಿ ಸುತ್ತ ಒಂದು ಹಳದಿ ಮಿಶ್ರಿತ ಬಿಳಿ ಗೆರೆ ಕಾಣುತ್ತದೆ. ಇಷ್ಟು ಗುರುತಿಟ್ಟುಕೊಂಡರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ.

ದಿನಾ ಎತ್ತಿ ನೋಡ್ಲೇಬೇಕಾ? ನೋಡಿದ್ರೂ ನಂಗೇನು ಗೊತ್ತಾಗತ್ತೆ?

ದಿನಾ ನೋಡಬೇಕು. ನಾಲ್ಕು ಕಾಲಿಗೆ ಹತ್ತು ನಿಮಿಷ ಸಾಕು. ಗೊರಸಿನ ಮಣ್ಣು ತೆಗೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಎಳೆಯಿರಿ, ಎಂದೂ ಉಲ್ಟಾ ಅಲ್ಲ. ಜಾರಿದರೆ ಚೂಪು ತುದಿ ಫ್ರಾಗ್‌ಗೆ ಚುಚ್ಚುತ್ತದೆ. ಮಣ್ಣು ತೆಗೆದ ಮೇಲೆ ಗಡಸು ಬ್ರಷ್ ಹೊಡೆಯಿರಿ. ಆಮೇಲೆ ಮೂಗು ಹತ್ತಿರ ತನ್ನಿ. ಒಳ್ಳೆಯ ಗೊರಸಿಗೆ ಮಣ್ಣಿನ, ಸಗಣಿಯ ವಾಸನೆ ಇರುತ್ತದೆ. ಕೊಳೆತ ವಾಸನೆ ಬಂದರೆ ಕಣ್ಣಿಗೆ ಏನೂ ಕಾಣದಿದ್ದರೂ ಒಳಗೆ ಶುರುವಾಗಿದೆ.

ಎರಡನೆಯದು ನಾಡಿ. ಗೊರಸಿನ ಮೇಲಿನ ಗಂಟಿನ ಹಿಂದೆ, ಎರಡೂ ಪಕ್ಕದಲ್ಲಿ ಬೆರಳು ಮೆತ್ತಗೆ ಒತ್ತಿ ಹಿಡಿಯಿರಿ. ಆರೋಗ್ಯವಾಗಿರುವ ಕುದುರೆಯಲ್ಲಿ ಅದು ಸಿಕ್ಕಿದರೂ ಸಿಗದ ಹಾಗೆ ಇರುತ್ತದೆ. ಗೊರಸಿನ ಒಳಗೆ ಉರಿ ಇದ್ದಾಗ ಟಕ್ ಟಕ್ ಎಂದು ಬೆರಳಿಗೆ ಹೊಡೆಯುತ್ತದೆ. ಕುದುರೆ ಚೆನ್ನಾಗಿರುವಾಗಲೇ ವಾರಕ್ಕೆರಡು ಸಲ ಹಿಡಿದು ನೋಡಿ. ಮಾಮೂಲಿ ಹೇಗಿರುತ್ತದೆ ಎಂದು ಬೆರಳಿಗೆ ಗೊತ್ತಿದ್ದರೆ ಮಾತ್ರ ಬದಲಾವಣೆ ಗೊತ್ತಾಗುತ್ತದೆ.

ಲಾಳ ಹೊಡೆಸ್ಬೇಕಾ, ಬರಿಗಾಲಲ್ಲೇ ಬಿಡಬಹುದಾ?

ಎಲ್ಲಿ ನಡೆಯುತ್ತದೆ ಅನ್ನುವುದರ ಮೇಲೆ. ಮರಳಿನಲ್ಲಿ ಮಾತ್ರ ಓಡಾಡುವ ಕುದುರೆಗೆ ಬಹಳ ಸಲ ಲಾಳ ಬೇಕಾಗುವುದಿಲ್ಲ, ಸರಿಯಾಗಿ ಕತ್ತರಿಸಿ ಅರ ಹಾಕಿದರೆ ಸಾಕು. ಉಪ್ಪು ನೀರಿಗೆ ಲಾಳದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ, ಮೊಳೆ ತೂತು ಸಡಿಲವಾಗುತ್ತದೆ, ಅಲ್ಲಿಂದ ಕೊಳೆ ಒಳಗೆ ಹೋಗುತ್ತದೆ. ಟಾರು ರಸ್ತೆಯಲ್ಲಿ ಮೆರವಣಿಗೆಗೆ ಹೋಗುವ ಕುದುರೆಯ ಮಾತು ಬೇರೆ. ಚಿರೇಕಲ್ಲಿನ ಗೊರಚು ಹಾಸಿದ ದಾರಿಯಲ್ಲಿ ದಿನಾ ನಡೆಯುವ ಕುದುರೆಗೂ ಗೋಡೆ ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಅಂಥವಕ್ಕೆ ಲಾಳ ಬೇಕು.

ಲಾಳ ಇದ್ದರೂ ಮಳೆಗಾಲದಲ್ಲಿ ಕೆಲಸ ಇಲ್ಲದ ತಿಂಗಳುಗಳಲ್ಲಿ ತೆಗೆಸಿಬಿಡುವುದು ಒಳ್ಳೆಯದು ಎಂಬುದು ನನ್ನ ಅನುಭವ. ಲಾಳದ ಅಡಿ ಕೂರುವ ಕೆಸರು ತೆಗೆದಷ್ಟೂ ತುಂಬಿಕೊಳ್ಳುತ್ತದೆ.

ಲಾಳದವರು ಘಟ್ಟದ ಮೇಲಿಂದ ಬರ್ಬೇಕು. ಮೂರು ತಿಂಗಳಿಗೊಮ್ಮೆ ಬಂದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬರಿಗಾಲಿನ ಕುದುರೆಗೆ 6ರಿಂದ 8 ವಾರ, ಲಾಳದ ಕುದುರೆಗೆ 4ರಿಂದ 6 ವಾರ. ಅದಕ್ಕಿಂತ ತಡವಾದರೆ ಮುಂತುದಿ ಉದ್ದವಾಗಿ ಚಪ್ಪಲಿ ಮುಂದಕ್ಕೆ ಚಾಚಿದ ಹಾಗೆ ಆಗುತ್ತದೆ. ಹೆಜ್ಜೆ ಇಟ್ಟಾಗಲೆಲ್ಲ ಅದು ಗೋಡೆಯನ್ನು ತಳದಿಂದ ಬಿಡಿಸುತ್ತದೆ, ಹಿಂದಿನ ಸ್ನಾಯುರಜ್ಜು ಎಳೆದುಕೊಳ್ಳುತ್ತದೆ.

ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಕರೆಸಿಕೊಳ್ಳಿ, ಖರ್ಚು ಹಂಚಿಹೋಗುತ್ತದೆ. ನಡುವೆ ಚೂಪು ಅಂಚನ್ನು ಅರದಿಂದ ದುಂಡಗೆ ಮಾಡುವುದನ್ನು ಅವರ ಹತ್ತಿರವೇ ಕಲಿತುಕೊಳ್ಳಿ. ಚಾಕು ಮಾತ್ರ ನೀವೇ ಹಿಡಿಯಬೇಡಿ. ತಳ ಎಷ್ಟು ದಪ್ಪ ಇದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಸಮುದ್ರದ ನೀರಲ್ಲಿ ನಿಲ್ಲಿಸಿದ್ರೆ ಗೊರಸಿನ ಕಾಯಿಲೆ ಎಲ್ಲ ಹೋಗತ್ತಂತೆ, ಹೌದಾ?

ತಣ್ಣಗಿನ ನೀರಿನಲ್ಲಿ ನಡೆದರೆ ದಣಿದ ಕಾಲಿಗೆ ಹಿತ. ಅಷ್ಟೇ. ಸಂದಿನ ಒಳಗೆ ಕೂತ ಸೋಂಕನ್ನು ಕಡಲು ತೊಳೆಯುವುದಿಲ್ಲ. ಅದರ ಮೇಲೆ ಸಣ್ಣ ಮರಳು ಬಿಳಿ ಗೆರೆಗೆ ತುಂಬಿಕೊಳ್ಳುತ್ತದೆ, ಉಪ್ಪು ಒಣಗಿ ಗೊರಸಿನ ಮೇಲಂಚಿನ ಚರ್ಮ ಒಡೆಯುತ್ತದೆ. ಬೀಚಿನಿಂದ ಬಂದ ಮೇಲೆ ಬಾವಿ ನೀರಿನಲ್ಲಿ ಮೊಣಕಾಲ ತನಕ ತೊಳೆದು, ಹಿಮ್ಮಡಿಯ ಮೇಲಿನ ಗುಳಿಯನ್ನು ಬಟ್ಟೆಯಿಂದ ಒರೆಸಿ. ಬಾಟಲಿ ಚೂರು, ಗಾಳದ ಕೊಕ್ಕೆ, ಚಿಪ್ಪಿನ ಚೂರು ಸಿಕ್ಕಿಕೊಂಡಿದೆಯಾ ಎಂದು ಆಗಲೇ ನೋಡಬೇಕು.

## ಮಳೆಗಾಲದ ಪ್ರಶ್ನೆಗಳು

ಜುಲೈ ಬಂತೆಂದರೆ ತಳ ಕಪ್ಪಾಗಿ ನಾರತ್ತೆ. ಏನು ಹಚ್ಚಲಿ?

ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ. ಇದರ ಹೆಸರು ಥ್ರಶ್. ಗಾಳಿ ಆಡದ, ಒದ್ದೆಯಾದ ಸಂದಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಫ್ರಾಗನ್ನು ಕೊಳೆಸುತ್ತದೆ. ಗಾಳಿ ಅಂದರೆ ಅದಕ್ಕೆ ಆಗುವುದಿಲ್ಲ. ಈ ಒಂದು ವಿಷಯ ನೆನಪಿಟ್ಟುಕೊಂಡರೆ ಚಿಕಿತ್ಸೆ ತಾನಾಗಿ ಹೊಳೆಯುತ್ತದೆ: ಸಂದು ತೆರೆಯಬೇಕು, ಒಣಗಿಸಬೇಕು, ಆಮೇಲೆ ಮದ್ದು. ಎಲ್ಲರೂ ಮೂರನೆಯದರಿಂದ ಶುರು ಮಾಡುತ್ತಾರೆ.

ನಾನೂ ಹಾಗೇ ಮಾಡಿದ್ದೆ. ಮೊದಲ ಮಳೆಗಾಲದಲ್ಲಿ ದಿನಾ ಸಂಜೆ ಔಷಧ ಹಚ್ಚುತ್ತಿದ್ದೆ, ವಾಸನೆ ಹೋಗುತ್ತಲೇ ಇರಲಿಲ್ಲ. ಒಂದು ರಾತ್ರಿ ಟಾರ್ಚ್ ಹಿಡಿದು ಹಿಂಗಾಲು ಎತ್ತಿದೆ. ಫ್ರಾಗ್‌ನ ಒಂದು ತುಂಡು ಹರಿದ ಚಪ್ಪಲಿಯ ಅಟ್ಟೆಯ ಹಾಗೆ ಜೋತುಬಿದ್ದಿತ್ತು. ಬೆರಳಿನಿಂದ ಅದನ್ನು ಸರಿಸಿದರೆ ಅಡಿಯಲ್ಲಿ ಕಪ್ಪು ಕೆಸರು, ಕರಗಿದ ಟಾರಿನಂತೆ. ನಾನು ಅಷ್ಟು ದಿನ ಹಚ್ಚಿದ್ದೆಲ್ಲ ಆ ಮುಚ್ಚಳದ ಮೇಲೆ. ಮಾರನೆಯ ದಿನ ಲಾಳದವರು ಸತ್ತ ಭಾಗವನ್ನು ಕತ್ತರಿಸಿ ತೆಗೆದರು. ಕೆಳಗೆ ನಸುಗೆಂಪಾದ ಹಸಿ ಭಾಗ. ಕೊಟ್ಟಿಗೆಯ ನೆಲ ಒಣಗಿಸಿದೆ. ಹತ್ತು ದಿನದಲ್ಲಿ ಗಟ್ಟಿಯಾಯಿತು, ಅದೇ ಹಳೆಯ ಮದ್ದಿನಲ್ಲೇ.

ಕ್ರಮ ಹೀಗೆ: ತೊಳೆದು, ಹತ್ತಿ ಬಟ್ಟೆಯಿಂದ ಸಂದಿನ ಒಳಗೂ ಒರೆಸಿ. ಪೊವಿಡೋನ್ ಅಯೋಡಿನ್ ದ್ರಾವಣ ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ ಸಂದಿಗೆ ಹಾಯಿಸಿ. ಮತ್ತೆ ಒರೆಸಿ. ನಡುವಿನ ಸಂದು ಆಳ ಇದ್ದರೆ ಅದೇ ಮದ್ದಿನಲ್ಲಿ ಅದ್ದಿದ ಗಾಜ್ ಬಟ್ಟೆಯ ಸಣ್ಣ ಸುರುಳಿಯನ್ನು ಸಡಿಲವಾಗಿ ಇಡಿ, ಮಾರನೆಯ ದಿನ ತಪ್ಪದೆ ತೆಗೆದು ಹೊಸದು ಹಾಕಿ. ಒಂದೆರಡು ವಾರ ಬೇಕಾಗುತ್ತದೆ. ಹಿಮ್ಮಡಿಯ ಎರಡು ಉಬ್ಬುಗಳ ನಡುವೆ ಸಂದು ಚರ್ಮದ ತನಕ ಸೀಳಿದ್ದರೆ, ರಕ್ತ ಬಂದರೆ, ಕಾಲು ಊದಿದ್ದರೆ ಅದು ಮನೆಯ ಕೆಲಸ ಅಲ್ಲ. ಡಾಕ್ಟರನ್ನು ಕರೆಯಿರಿ.

ಹೈಡ್ರೋಜನ್ ಪೆರಾಕ್ಸೈಡ್ ಬುರುಬುರು ನೊರೆ ಬಂದು ಕೆಲಸ ಮಾಡುತ್ತಿದೆ ಎನ್ನಿಸುತ್ತದೆ. ಹೊಸದಾಗಿ ಬೆಳೆಯುತ್ತಿರುವ ಒಳ್ಳೆಯ ಭಾಗವನ್ನೂ ಅದು ಸುಡುತ್ತದೆ. ದಿನಾ ಹಾಕುವ ಮದ್ದಲ್ಲ ಅದು. ಫಾರ್ಮಲಿನ್ ಅಂತೂ ಬೇಡವೇ ಬೇಡ.

ತೋಟಕ್ಕೆ ತಂದ ಮೈಲುತುತ್ತ ಮನೇಲೇ ಇದೆ. ಅದನ್ನೇ ಹಾಕಬಹುದಾ?

ಶಿರಸಿ, ಸಿದ್ದಾಪುರ ಕಡೆಯವರ ಪ್ರಶ್ನೆ ಇದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯದ ಮನೆ ಇಲ್ಲವಲ್ಲ. ಮೈಲುತುತ್ತ ಗೊರಸಿನ ಚಿಕಿತ್ಸೆಯಲ್ಲೂ ಹಳೆಯ ಮದ್ದೇ. ಆದರೆ ಅದು ಗಟ್ಟಿ ಕೊಂಬಿನ ಭಾಗಕ್ಕೆ (ಗೊರಸಿನ ಗಟ್ಟಿ ಹೊರಭಾಗಕ್ಕೆ ಕೊಂಬು ಅನ್ನುತ್ತೇವೆ), ತೆಳು ದ್ರಾವಣವಾಗಿ ಮಾತ್ರ. ಪುಡಿಯನ್ನೋ ಹರಳನ್ನೋ ಹಸಿ ಗಾಯಕ್ಕೆ ತುಂಬಿದರೆ ಸುಡುತ್ತದೆ. ನೋವಿಗೆ ಕುದುರೆ ಮುಂದಿನ ಸಲ ಕಾಲು ಕೊಡುವುದೇ ಇಲ್ಲ. ಎಷ್ಟು ತೆಳು ಎಂದು ನಿಮ್ಮ ಕುದುರೆಯ ಗೊರಸು ನೋಡಿದ ಡಾಕ್ಟರ ಹತ್ತಿರ ಕೇಳಿ.

ಡ್ರಮ್ಮಿನಲ್ಲಿ ಉಳಿದ ಬೋರ್ಡೋ ದ್ರಾವಣ ಇದಕ್ಕೆ ಬದಲಿ ಅಲ್ಲ. ಅದರಲ್ಲಿ ಸುಣ್ಣ ಸೇರಿ ಬೇರೆಯೇ ಆಗಿರುತ್ತದೆ. ಇನ್ನೊಂದು, ಉಳಿದ ಮೈಲುತುತ್ತದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಮೀನು ಸಾಯುತ್ತವೆ.

ಕೊಬ್ಬರಿ ಎಣ್ಣೆ, ಬೇವಿನೆಣ್ಣೆ, ಮುರುಗಲ ತುಪ್ಪ. ಯಾವುದು ಒಳ್ಳೇದು?

ಹೊಳಪಿಗೆ ಎಲ್ಲವೂ ಒಳ್ಳೆಯದೇ. ಗೊರಸಿಗೆ ಬೇಕಾದ ತೇವ ಮುಖ್ಯವಾಗಿ ಒಳಗಿನಿಂದ, ರಕ್ತದಿಂದ ಬರುತ್ತದೆ. ಹೊರಗಿನಿಂದ ಸವರಿದ ಎಣ್ಣೆ ಮೇಲ್ಮೈಯಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ಬಿಸಿ ಮರಳಿನಲ್ಲಿ ಓಡಾಡುವ ಕುದುರೆಗೆ ವಾರಕ್ಕೆರಡು ಸಲ ತೆಳುವಾಗಿ ಹಚ್ಚಿದರೆ ತಪ್ಪಿಲ್ಲ. ಮಳೆಗಾಲದಲ್ಲಿ ಒದ್ದೆ ಗೊರಸಿಗೆ ಎಣ್ಣೆ ಬಳಿದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ. ಆಗ ಎಣ್ಣೆಗಿಂತ ಒಣ ಬಟ್ಟೆ ದೊಡ್ಡ ಮದ್ದು.

ಮುರುಗಲ ತುಪ್ಪವನ್ನು, ಅಂದರೆ ಕೋಕಂ ಬೀಜದ ಕೊಬ್ಬನ್ನು, ನಮ್ಮ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತೇವಲ್ಲ, ಕುದುರೆಗೂ ಅದನ್ನು ಹಿಮ್ಮಡಿಯ ಮೇಲಿನ ಚರ್ಮ ಬಿರಿದಾಗ ಹಚ್ಚುತ್ತೇನೆ. ಒಣಗಿದ, ಸೋಂಕಿಲ್ಲದ ಬಿರುಕಿಗೆ ಹಿತ. ಗೊರಸಿನ ಗೋಡೆಯ ಸೀಳನ್ನು ಅದು ಕೂಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಂಬು ಒಮ್ಮೆ ಸೀಳಿದ ಮೇಲೆ ಕೂಡುವುದಿಲ್ಲ, ಬೆಳೆದು ಕೆಳಗೆ ಬಂದು ಕತ್ತರಿಸಿಹೋಗಬೇಕು.

ದೋಣಿಗೆ ಬಳಿಯೋ ಗೇರೆಣ್ಣೆ ಹಚ್ಚಿದ್ರೆ ನೀರು ತಾಗಲ್ಲ ಅಂತಾರೆ?

ದಯವಿಟ್ಟು ಹಚ್ಚಬೇಡಿ. ಗೇರು ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಗೇರುಬೀಜ ಸುಟ್ಟು ಒಡೆದವರ ಕೈ ನೋಡಿದವರಿಗೆ ಗೊತ್ತು. ಗೊರಸಿನ ಮೇಲಂಚು ಸೂಕ್ಷ್ಮ ಚರ್ಮ. ಹೊಸ ಗೊರಸು ಹುಟ್ಟುವುದೇ ಅಲ್ಲಿಂದ. ಅಲ್ಲಿ ಸುಟ್ಟರೆ ಆ ಕಲೆ ಗೋಡೆಯಲ್ಲಿ ತಿಂಗಳುಗಟ್ಟಲೆ ಕಾಣುತ್ತದೆ. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್, ಸುಣ್ಣದ ಪುಡಿಗೂ ಇದೇ ಉತ್ತರ.

ದನಕ್ಕೆ ಹಾಸೋ ಸೊಪ್ಪು, ದರಕು ಕುದುರೆಗೂ ಹಾಸಿದ್ರೆ ಆಗಲ್ವಾ?

ಸೊಪ್ಪಿನ ಬೆಟ್ಟದಿಂದ ಹಸಿ ಸೊಪ್ಪು, ದರಕು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದ ಜೊತೆ ಕೊಳೆಸಿ ಗೊಬ್ಬರ ಮಾಡುವುದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಆದರೆ ಅದರ ಉದ್ದೇಶವೇ ಕೊಳೆಯುವುದು. ಕುದುರೆ ಅದರ ಮೇಲೆ ರಾತ್ರಿಯಿಡೀ ನಿಂತರೆ ಗಂಜಲದ ಅಮೋನಿಯಾ ಫ್ರಾಗನ್ನು ಮೆತ್ತಗೆ ಮಾಡುತ್ತದೆ. ದನದ ಹಾಗೆ ಕುದುರೆ ಹೆಚ್ಚು ಹೊತ್ತು ಮಲಗುವುದಿಲ್ಲ, ನಿಂತೇ ಇರುತ್ತದೆ. ಹಾಸಿದ ಸೊಪ್ಪನ್ನು ತಿನ್ನಲೂಬಹುದು, ಅದರಲ್ಲಿ ಯಾವ ಗಿಡದ್ದು ಬಂದಿದೆಯೋ.

ನನ್ನಲ್ಲಿ ನೆಲ ಹಿಂದಕ್ಕೆ ಸ್ವಲ್ಪ ಇಳಿಜಾರು, ಮೇಲೆ ಗರಗಸದ ಹೊಟ್ಟು. ಭತ್ತದ ಉಮಿಯೂ ನಡೆಯುತ್ತದೆ, ದೂಳು ಕಡಿಮೆ ಇರುವುದನ್ನು ನೋಡಿಕೊಳ್ಳಿ. ಚೆನ್ನಾಗಿ ಒಣಗಿದ ದರಕು ತುರ್ತಿಗೆ ಆದೀತು. ಬೆಳಿಗ್ಗೆ ಸಂಜೆ ಒದ್ದೆಯಾದಷ್ಟನ್ನು ತೆಗೆದು ಹಾಕಬೇಕು. ಹಗಲು ಮಳೆ ಬಿಟ್ಟ ಹೊತ್ತಿನಲ್ಲಿ ಚಿರೇಕಲ್ಲಿನ ಗಟ್ಟಿ ಅಂಗಳದಲ್ಲಿ ಅರ್ಧ ಗಂಟೆ ನಡೆಸಿದರೂ ಗೊರಸಿಗೆ ಜೀವ ಬಂದಂತಾಗುತ್ತದೆ.

ಪಕ್ಕದ ಮನೆ ದನಕ್ಕೆ ಕಾಲುಬಾಯಿ ರೋಗ ಬಂದಿದೆ. ನಮ್ಮ ಕುದುರೆಗೂ ಬರತ್ತಾ?

ಬರುವುದಿಲ್ಲ. ಅದು ಗೊರಸು ಸೀಳಿರುವ ದನ, ಎಮ್ಮೆ, ಕುರಿ, ಮೇಕೆ, ಹಂದಿಗೆ ಬರುವ ರೋಗ. ಆದರೆ ವೈರಸ್ಸನ್ನು ನಿಮ್ಮ ಕಾಲು, ಬಕೆಟ್ಟು, ಕುದುರೆಯ ಗೊರಸಿನ ಕೆಸರು ಇನ್ನೊಂದು ಕೊಟ್ಟಿಗೆಗೆ ಒಯ್ಯಬಹುದು. ಆ ಮನೆಯ ಅಂಗಳಕ್ಕೆ ಕುದುರೆ ಕರೆದುಕೊಂಡು ಹೋಗಬೇಡಿ.

## ಕುಂಟುತ್ತಿದ್ದರೆ

ನಿನ್ನೆ ಸರಿ ಇತ್ತು. ಇವತ್ತು ಕಾಲು ನೆಲಕ್ಕೇ ಊರ್ತಿಲ್ಲ. ಮುರಿದಿದೆಯಾ?

ಮುರಿದಿರಲೂಬಹುದು, ಅದಕ್ಕೇ ಡಾಕ್ಟರು ನೋಡಬೇಕು. ಆದರೆ ಏಕಾಏಕಿ ಒಂದೇ ಕಾಲು ಹೀಗಾದರೆ ಬಹಳ ಸಲ ಸಿಗುವುದು ಗೊರಸಿನೊಳಗಿನ ಕೀವು. ಸಣ್ಣ ಕಲ್ಲೋ ಮರಳೋ ಬಿಳಿ ಗೆರೆಯಿಂದ ಒಳಗೆ ಹೋಗಿರುತ್ತದೆ. ಗೋಡೆ ಹಿಗ್ಗುವುದಿಲ್ಲ, ಕೀವಿಗೆ ಜಾಗ ಇಲ್ಲ, ಅದಕ್ಕೇ ಅಷ್ಟು ನೋವು. ಉಗುರಿನ ಅಡಿ ರಕ್ತ ಕಟ್ಟಿದಾಗ ಬೆರಳು ಹೇಗೆ ಸಿಡಿಯುತ್ತದೆ, ಹಾಗೆ. ಗೊರಸು ಬಿಸಿ ಇರುತ್ತದೆ, ಆ ಕಾಲಿನ ನಾಡಿ ಹೊಡೆಯುತ್ತಿರುತ್ತದೆ.

ಇಲ್ಲಿ ನಾನು ಒಂದು ತಪ್ಪು ಸಲಹೆಗೆ ಬಲಿಯಾದೆ. ನೋಡಲು ಬಂದವರೊಬ್ಬರು ಭುಜ ಉಳುಕಿದೆ ಎಂದರು. ಐದು ದಿನ ಭುಜಕ್ಕೆ ಎಣ್ಣೆ ತಿಕ್ಕಿದೆ. ಆರನೆಯ ದಿನ ಬೇರೆ ಡಾಕ್ಟರು ಬಂದು ಇಕ್ಕಳದಿಂದ ಗೊರಸನ್ನು ಅಂಗುಲ ಅಂಗುಲ ಒತ್ತುತ್ತ ಬಂದರು. ಒಂದು ಜಾಗದಲ್ಲಿ ಕುದುರೆ ಕಾಲು ಕಿತ್ತುಕೊಂಡಿತು. ಅಲ್ಲಿ ಬಿಳಿ ಗೆರೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಚಾಕುವಿನ ತುದಿಯಿಂದ ಬಿಡಿಸಿದಾಗ ಬೂದು ಬಣ್ಣದ ತೆಳು ಕೀವು ಚಿಮ್ಮಿತು. ಕುದುರೆ ಉಸಿರು ಬಿಟ್ಟು, ನಿಧಾನಕ್ಕೆ, ಐದು ದಿನದ ಮೇಲೆ ಮೊದಲ ಸಲ ಕಾಲು ನೆಲಕ್ಕೆ ಇಟ್ಟಿತು. ಆ ಐದು ದಿನ ಅದು ಪಟ್ಟ ನೋವು ನೆನೆದರೆ ಈಗಲೂ ಸಂಕಟವಾಗುತ್ತದೆ. ಎಲ್ಲೇ ನೋವು ಇದ್ದ ಹಾಗೆ ಕಂಡರೂ ಮೊದಲು ಗೊರಸು ನೋಡಿಸಿ.

ದಾರಿ ಮಾಡಿಕೊಟ್ಟ ಮೇಲೆ ಎರಡು ಮೂರು ದಿನ ಎಪ್ಸಮ್ ಸಾಲ್ಟ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಗೊರಸು ಇಡಿಸಿ, ಒರೆಸಿ, ಶುದ್ಧ ಗಾಜ್ ಇಟ್ಟು ಕಟ್ಟಿ. ಮಕ್ಕಳ ಡೈಪರ್ ಗೊರಸಿಗೆ ಸರಿಯಾಗಿ ಕೂರುತ್ತದೆ, ಮೇಲೆ ಕ್ರೇಪ್ ಪಟ್ಟಿ, ಅದರ ಮೇಲೆ ಅಗಲದ ಗಟ್ಟಿ ಟೇಪು. ಟೇಪನ್ನು ಮೇಲಂಚಿನ ಚರ್ಮಕ್ಕೆ ಬಿಗಿಯಬೇಡಿ. ಕೀವು ನಿಂತ ಮೇಲೆ ನೆನೆಸುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ತಳ ಮೆತ್ತಗಾಗುತ್ತದೆ.

ಟೆಟನಸ್ ಚುಚ್ಚುಮದ್ದು ಆಗಿದೆಯಾ ಎಂದು ಆ ದಿನವೇ ಕೇಳಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬೀಳುವುದು ಇನ್ನೊಂದಿಲ್ಲ. ಮೊದಲ ಸಲ 4ರಿಂದ 6 ವಾರದ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷಕ್ಕೊಂದು.

ಮೊಳೆ ಚುಚ್ಚಿದೆ. ಕಿತ್ತುಬಿಡ್ಲಾ?

ಡಾಕ್ಟರು ಒಂದೆರಡು ಗಂಟೆಯಲ್ಲಿ ಬರುವ ಹಾಗಿದ್ದರೆ ಕೀಳಬೇಡಿ. ಮೊಳೆ ಇದ್ದಾಗ ಎಕ್ಸ್‌ರೇ ತೆಗೆದರೆ ಅದು ಎಲ್ಲಿಯ ತನಕ ಹೋಗಿದೆ ಎಂದು ಕಾಣುತ್ತದೆ. ಮೊಳೆಯ ಎರಡೂ ಪಕ್ಕ ಮರದ ತುಂಡು ಇಟ್ಟು ಟೇಪ್ ಸುತ್ತಿ, ಕಾಲೂರಿದಾಗ ಇನ್ನೂ ಒಳಗೆ ಹೋಗದಂತೆ ತಡೆಯಿರಿ. ಬರಲು ತಡವಾಗುತ್ತದೆ, ತಡೆಯಲೂ ಆಗುವುದಿಲ್ಲ ಎಂದಾದರೆ ಮೊದಲು ಮೊಬೈಲಿನಲ್ಲಿ ಎರಡು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಬಂದ ದಿಕ್ಕಿನಲ್ಲೇ ನೇರ ಎಳೆಯಿರಿ. ತೂತಿನ ಸುತ್ತ ಪೆನ್ನಿನಿಂದ ಗುರುತು ಹಾಕಿ. ಮೊಳೆ ಎಸೆಯಬೇಡಿ, ಎಷ್ಟು ಉದ್ದ ಒದ್ದೆಯಾಗಿದೆ ಎಂದು ಡಾಕ್ಟರಿಗೆ ತೋರಿಸಿ.

ಫ್ರಾಗ್‌ನ ನಡುಭಾಗದಲ್ಲಿ ಚುಚ್ಚಿದ್ದರೆ ಕುದುರೆ ಚೆನ್ನಾಗಿ ನಡೆಯುತ್ತಿದ್ದರೂ ಸುಮ್ಮನಿರಬೇಡಿ. ಅದರ ಮೇಲೆಯೇ ಕೀಲು, ಸ್ನಾಯುರಜ್ಜು ಇವೆ. ಅಲ್ಲಿಗೆ ಸೋಂಕು ಹೋದರೆ ಪ್ರಾಣಕ್ಕೇ ಕುತ್ತು.

ಜಾತ್ರೆಯಲ್ಲಿ ಜನ ಅನ್ನ, ಬೆಲ್ಲ, ಬಾಳೆಹಣ್ಣು ತಿನ್ನಿಸಿದ್ರು. ಈಗ ಎರಡೂ ಮುಂಗಾಲು ಬಿಸಿ, ಹಿಂದಕ್ಕೆ ವಾಲಿ ನಿಂತಿದೆ. ಯಾವ ಮದ್ದು ಹಚ್ಚಲಿ?

ಹಚ್ಚುವ ಮದ್ದು ಯಾವುದೂ ಇಲ್ಲ. ಇದು ಲ್ಯಾಮಿನೈಟಿಸ್, ಮೊದಲು ಹೇಳಿದ ಆ ತೆಳು ಪದರಗಳ ಉರಿ. ಅನ್ನ, ಕಾಳು, ಬೆಲ್ಲ ಜಾಸ್ತಿಯಾದಾಗ ಹೊಟ್ಟೆಯಲ್ಲಿ ಶುರುವಾದದ್ದು ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರೀತಿಯಿಂದಲೇ ತಿನ್ನಿಸಿರುತ್ತಾರೆ, ಪಾಪ. ಮರಿ ಹಾಕಿದ ಮೇಲೆ ಕಸ (ಮಾಸು) ಬೀಳದ ಕುದುರೆಗೂ, ಮಿತಿಮೀರಿ ದಪ್ಪಗಾದ ಕುದುರೆಗೂ, ಒಂದು ಕಾಲು ನೋವಿಗೆ ವಾರಗಟ್ಟಲೆ ಇನ್ನೊಂದರ ಮೇಲೇ ನಿಂತ ಕುದುರೆಗೂ ಬರುತ್ತದೆ.

ಒಂದು ಗಂಟೆಯೂ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಅವರು ಬರುವ ತನಕ: ಕಾಳು, ಹಿಂಡಿ ಎಲ್ಲ ಬಂದ್, ಒಣಹುಲ್ಲು ನೀರು ಮಾತ್ರ. ನಡೆಸಬೇಡಿ. ನಡೆಸಿದರೆ ಬಿಸಿ ಇಳಿಯುತ್ತದೆ ಎಂಬ ಹಳೆಯ ಮಾತು ಇಲ್ಲಿ ಕುದುರೆಯನ್ನು ಕೊಲ್ಲುತ್ತದೆ, ಪ್ರತಿ ಹೆಜ್ಜೆಗೂ ಪದರ ಹರಿಯುತ್ತದೆ. ನಿಂತಲ್ಲೇ ಗೊರಸಿನ ಅಡಿ ದಪ್ಪ ಮೆತ್ತನೆ ಮರಳು ಹಾಸಿ. ಐಸ್ ನೀರಿನಲ್ಲಿ ಕಾಲು ಇಡಿಸಿ, ಗೊರಸಿನ ಮೇಲಿನ ಗಂಟು ಮುಳುಗುವಷ್ಟು, ಬಿಡದೆ, ಮೊದಲ ಎರಡು ಮೂರು ದಿನ. ಕಾರವಾರ, ತದಡಿ, ಹೊನ್ನಾವರದಂಥ ಮೀನು ಬಂದರುಗಳ ಹತ್ತಿರ ಇರುವವರಿಗೆ ಐಸ್ ಹೊಂದಿಸುವುದು ಕಷ್ಟವಲ್ಲ. ಶುರುವಿನ ಗಂಟೆಗಳಲ್ಲೇ ತಣ್ಣಗೆ ಮಾಡಿದರೆ ಹೆಚ್ಚು ಉಪಯೋಗ. ದಿನ ಕಳೆದ ಮೇಲೆ ಗೊರಸಿನೊಳಗಿನ ಮೂಳೆ ತಿರುಗಿಬಿಟ್ಟರೆ ಹಿಂದಿನಂತೆ ಆಗುವುದು ಬಹಳ ಕಷ್ಟ.

ನೋವಿಗೆ ಮನೇಲಿರೋ ಮಾತ್ರೆ ಕೊಡಬಹುದಾ?

ಬೇಡ. ಮನುಷ್ಯರ ನೋವಿನ ಮಾತ್ರೆ ಕುದುರೆಯ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡ ಕೆಡಿಸಬಹುದು. ಪ್ರಾಣಿಗಳಿಗೆ ಡೈಕ್ಲೋಫೆನಾಕ್ ಅಂತೂ 2006ರಲ್ಲೇ ನಿಷೇಧವಾಗಿದೆ, ಅದನ್ನು ಕೊಟ್ಟಿದ್ದ ಪ್ರಾಣಿ ಸತ್ತಾಗ ಆ ಮಾಂಸ ತಿಂದ ರಣಹದ್ದುಗಳು ಸಾಯುತ್ತಿದ್ದವು. ಡಾಕ್ಟರು ತೂಕ ನೋಡಿ ಕೊಡುವ ಫ್ಲುನಿಕ್ಸಿನ್, ಮೆಲಾಕ್ಸಿಕಾಂನಂಥವು ಬೇರೆ. ಅದರಲ್ಲೂ ನೋವು ಇನ್ನೂ ಇದೆ ಎಂದು ನೀವೇ ಇನ್ನೊಂದು ಡೋಸ್ ಹಾಕಬೇಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಗೋಡೆ ಬಿರುಕು ಬಿಟ್ಟಿದೆ. ಎಂ-ಸೀಲ್ ತರದ್ದು ತುಂಬಿದ್ರೆ ಆಗತ್ತಾ?

ಮೊದಲು ಬಿರುಕು ಎಲ್ಲಿಂದ ಶುರುವಾಗಿದೆ ನೋಡಿ. ನೆಲದ ಕಡೆಯಿಂದ ಮೇಲಕ್ಕೆ ಹೋಗಿದ್ದರೆ ಬಹಳ ಸಲ ಉದ್ದ ಬಿಟ್ಟ ಗೊರಸಿನ ತಪ್ಪು. ಸರಿಯಾಗಿ ಕತ್ತರಿಸಿ, ಬಿರುಕಿನ ಜಾಗ ನೆಲಕ್ಕೆ ಒತ್ತದ ಹಾಗೆ ಅರ ಹಾಕಿಸಿದರೆ ಬೆಳೆದು ಹೋಗುತ್ತದೆ. ಮೇಲಂಚಿನಿಂದ ಕೆಳಕ್ಕೆ ಬಂದಿದ್ದರೆ ಗೊರಸು ಹುಟ್ಟುವ ಜಾಗಕ್ಕೇ ಪೆಟ್ಟಾಗಿದೆ. ನಡೆಯುವಾಗ ಬಿರುಕು ತೆರೆದು ಮುಚ್ಚುತ್ತಿದ್ದರೆ, ರಕ್ತ ಕಂಡರೆ ಅದು ಡಾಕ್ಟರು, ಲಾಳದವರು ಇಬ್ಬರೂ ಸೇರಿ ಮಾಡುವ ಕೆಲಸ. ಒಳಗೆ ಕೊಳೆ ಇರುವಾಗ ಮೇಲೆ ಅಂಟು ತುಂಬಿದರೆ ಅದು ಕೀವಿಗೆ ಮುಚ್ಚಳ ಹಾಕಿದಂತೆ. ಗೊರಸಿಗೇ ಮಾಡಿದ ಅಂಟುಗಳಿವೆ, ಅವೂ ಪೂರ್ತಿ ಸ್ವಚ್ಛ ಮಾಡಿ ಒಣಗಿಸಿದ ಮೇಲೆ ಮಾತ್ರ.

ಗೋಡೆ ತಟ್ಟಿದ್ರೆ ಟೊಳ್ಳು ಶಬ್ದ ಬರತ್ತೆ. ಕುಂಟೋದಿಲ್ಲ. ಬಿಡಬಹುದಾ?

ಬಿಡಬೇಡಿ. ಬಿಳಿ ಗೆರೆ ಪುಡಿಪುಡಿಯಾಗಿ, ಕೊಕ್ಕೆ ಹಾಕಿದರೆ ಗೆದ್ದಲು ತಿಂದ ಮರದ ಹಾಗೆ ಬೂದಿ ಬಂದರೆ ಸೋಂಕು ಗೋಡೆಯ ಹಿಂದೆ ಮೇಲಕ್ಕೆ ಹತ್ತುತ್ತಿದೆ. ಇಲ್ಲಿ ಮದ್ದಿನ ಆಯ್ಕೆಗಿಂತ ದೊಡ್ಡದು ಟೊಳ್ಳಾದ ಗೋಡೆಯನ್ನು ಕತ್ತರಿಸಿ ಗಾಳಿಗೆ ತೆರೆಯುವುದು. ನೋಡಲು ಭಯವಾಗುತ್ತದೆ, ಗೊರಸಿನ ಕಾಲು ಭಾಗವೇ ಹೋದಂತೆ ಕಾಣುತ್ತದೆ. ಆದರೂ ಮಾಡಿಸಿ. ತೆರೆಯದೆ ಕೆಳಗಿನಿಂದ ಸುರಿಯುವ ಯಾವ ದುಬಾರಿ ಬಾಟಲಿಯೂ ತುದಿಯ ತನಕ ಮುಟ್ಟುವುದಿಲ್ಲ.

ಎರಡು ತಿಂಗಳಿಂದ ಥ್ರಶ್ ಮದ್ದು ಹಚ್ತಾ ಇದ್ದೀನಿ. ಹೂಕೋಸಿನ ತರ ಬೆಳೀತಾನೇ ಇದೆ.

ಹಾಗಾದರೆ ಅದು ಥ್ರಶ್ ಅಲ್ಲ. ಥ್ರಶ್ ಫ್ರಾಗನ್ನು ತಿಂದು ಕರಗಿಸುತ್ತದೆ. ಹೂಕೋಸಿನ ಹಾಗೆ ಮೆತ್ತಗೆ ಬೆಳೆದು, ಮುಟ್ಟಿದರೆ ರಕ್ತ ಬಂದರೆ ಕ್ಯಾಂಕರ್ ಇರಬಹುದು. ಡಾಕ್ಟರು ಅರಿವಳಿಕೆ ಕೊಟ್ಟು ಬೆಳೆದದ್ದನ್ನು ಕತ್ತರಿಸಿ, ದಿನಾ ಬಿಗಿಯಾಗಿ ಔಷಧದ ಪಟ್ಟಿ ಕಟ್ಟಬೇಕಾಗುತ್ತದೆ. ಮನೆಮದ್ದಿನಲ್ಲಿ ಕಳೆದ ಒಂದೊಂದು ವಾರವೂ ನಷ್ಟವೇ. ಹೆಸರಿನಲ್ಲಿ ಕ್ಯಾನ್ಸರಿನ ಸದ್ದಿದೆ ಎಂದು ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ.

ಬಯೋಟಿನ್ ಕೊಟ್ರೆ ಗೊರಸು ಗಟ್ಟಿ ಆಗತ್ತಾ? ತೌಡು ಸಾಕಾ?

ಗೊರಸು ಹುಟ್ಟಿನಿಂದಲೇ ಮೆತ್ತಗಿರುವ, ಸಿಪ್ಪೆ ಏಳುವ ಕುದುರೆಗೆ ದಿನಕ್ಕೆ 15ರಿಂದ 20 ಮಿಲಿಗ್ರಾಂ ಬಯೋಟಿನ್ ಸಹಾಯ ಮಾಡುತ್ತದೆ. ಆದರೆ ಅದು ಹೊಸದಾಗಿ ಹುಟ್ಟುವ ಕೊಂಬಿಗೆ ಮಾತ್ರ. ಮೇಲಂಚಿನಿಂದ ಮುಂತುದಿಯ ತನಕ ಬೆಳೆಯಲು 9ರಿಂದ 12 ತಿಂಗಳು ಬೇಕು. ಒಂದು ತಿಂಗಳು ಕೊಟ್ಟು ಪ್ರಯೋಜನ ಇಲ್ಲ ಎಂದು ಬಿಟ್ಟರೆ ದುಡ್ಡು ದಂಡ. ಸತು, ತಾಮ್ರದ ಅಂಶ ಮೇವಿನಲ್ಲಿ ಕಡಿಮೆ ಇದ್ದರೆ ಬಯೋಟಿನ್ ಒಂದೇ ಏನೂ ಮಾಡಲಾರದು.

ತೌಡಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಅಕ್ಕಿ ತೌಡು ಸುಲಭಕ್ಕೆ ಸಿಗುತ್ತದೆ, ಬಕೆಟ್ ಗಟ್ಟಲೆ ಕೊಡುತ್ತೇವೆ. ಅದರಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಕಡಿಮೆ. ಅದೇ ಮುಖ್ಯ ಮೇವಾದರೆ ಕುದುರೆ ತನ್ನ ಮೂಳೆಯ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ, ಕುಂಟು ಬರುತ್ತದೆ. ಆ ಕುಂಟಿಗೆ ಗೊರಸಿನ ಮದ್ದು ಹುಡುಕಿದರೆ ಎಲ್ಲಿ ಸಿಗಬೇಕು?

ನಮ್ಮ ಕಡೆ ಕುದುರೆ ಗೊತ್ತಿರೋ ಡಾಕ್ಟರು ಸಿಗೋದೇ ಕಷ್ಟ. ಏನ್ ಮಾಡ್ಲಿ?

ತಾಲೂಕಿನ ಪಶು ಆಸ್ಪತ್ರೆಯೇ ಮೊದಲ ಬಾಗಿಲು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಬಹುದು. ದನವನ್ನೇ ಹೆಚ್ಚು ನೋಡುವ ಡಾಕ್ಟರಾದರೂ ಟೆಟನಸ್ ಚುಚ್ಚುಮದ್ದು, ನೋವಿನ ಮದ್ದು, ಮೊದಲ ತಪಾಸಣೆ ಮಾಡುತ್ತಾರೆ. ಮೂಳೆ ತಿರುಗಿದೆಯಾ, ಕೀಲಿಗೆ ಮೊಳೆ ತಾಗಿದೆಯಾ ಎಂಬಂಥ ಅನುಮಾನಕ್ಕೆ ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ.

ದೂರದ ಡಾಕ್ಟರಿಗೆ ಕಳಿಸುವ ಫೋಟೊ ಹೀಗಿರಲಿ: ಕುದುರೆ ಸಮತಟ್ಟು ಸಿಮೆಂಟ್ ನೆಲದ ಮೇಲೆ, ಕ್ಯಾಮೆರಾ ನೆಲಕ್ಕೆ ತಾಗುವಷ್ಟು ಕೆಳಗೆ, ಪಕ್ಕದಿಂದ ಒಂದು, ಮುಂದಿನಿಂದ ಒಂದು, ತೊಳೆದ ತಳದ್ದು ಒಂದು. ಜೊತೆಗೆ ನಡೆಯುವ ಹತ್ತು ಸೆಕೆಂಡಿನ ವಿಡಿಯೊ. ಕೆಸರು ಮೆತ್ತಿದ ಗೊರಸಿನ ಫೋಟೊದಿಂದ ಯಾರೂ ಏನೂ ಹೇಳಲಾರರು.

ಕುದುರೆ ಕೊಳ್ಳೋಕೆ ಹೋಗ್ತಿದ್ದೀನಿ. ಗೊರಸು ನೋಡಿ ಹಳೇ ಕಾಯಿಲೆ ಗೊತ್ತಾಗತ್ತಾ?

ಗೊರಸಿನ ಗೋಡೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಕತೆ ಬರೆದಿರುತ್ತದೆ. ಅಡ್ಡ ಗೆರೆಗಳನ್ನು ನೋಡಿ. ಸುತ್ತಲೂ ಒಂದೇ ಅಂತರದಲ್ಲಿದ್ದರೆ ಮೇವು, ಹವೆ ಬದಲಾದ ಗುರುತು, ಚಿಂತೆಯಿಲ್ಲ. ಮುಂದೆ ಒತ್ತೊತ್ತಾಗಿದ್ದು ಹಿಮ್ಮಡಿಯ ಕಡೆ ಅಗಲವಾಗುತ್ತ ಹೋಗಿದ್ದರೆ ಲ್ಯಾಮಿನೈಟಿಸ್ ಬಂದು ಹೋಗಿರಬಹುದು. ತಳ ಚಪ್ಪಟೆಯೋ ಉಬ್ಬಿದೆಯೋ ನೋಡಿ, ಆರೋಗ್ಯವಂತ ತಳ ಬಟ್ಟಲಿನಂತೆ ಸ್ವಲ್ಪ ಒಳಕ್ಕೆ ಇರುತ್ತದೆ. ಎರಡು ಮುಂಗೊರಸಿನ ಅಗಲ ಹೋಲಿಸಿ. ಒಂದು ಕಿರಿದಾಗಿ ಹಿಮ್ಮಡಿ ಒತ್ತಿಕೊಂಡಿದ್ದರೆ ಆ ಕಾಲಿನ ಮೇಲೆ ಬಹಳ ದಿನದಿಂದ ಭಾರ ಹಾಕಿಲ್ಲ.

ಮಾರುವವರು ಆಗ ತಾನೇ ಎಣ್ಣೆ ಬಳಿದು ಕಪ್ಪಗೆ ಹೊಳೆಸಿದ್ದರೆ ಬಟ್ಟೆಯಿಂದ ಒರೆಸಿ ನೋಡಿ. ಮೆತ್ತನೆ ಮರಳಿನಲ್ಲಿ ಮಾತ್ರ ನಡೆಸಿ ತೋರಿಸಿದರೆ ಗಟ್ಟಿ ನೆಲದಲ್ಲೂ ನಡೆಸಲು ಹೇಳಿ, ಎರಡೂ ಪಕ್ಕಕ್ಕೆ ಸಣ್ಣ ಸುತ್ತು ತಿರುಗಿಸಿ. ಸಾಧ್ಯವಾದರೆ ಅಕ್ಟೋಬರಿನಲ್ಲಿ, ಮಳೆ ಮುಗಿದ ಕೂಡಲೇ ಹೋಗಿ. ಮಳೆಗಾಲವನ್ನು ಆ ಗೊರಸು ಹೇಗೆ ಕಳೆದಿದೆ ಎಂದು ಆಗ ನೇರವಾಗಿ ಕಾಣುತ್ತದೆ.